ತಾವರೆ ಗಡ್ಡೆ ಗಾಳಿಯೇ ಇಲ್ಲದ ಕೆಸರಲ್ಲಿ ಬದುಕೋದು ಹೇಗೆ? ನನ್ನದು ಮಾತ್ರ ಯಾಕೆ ಕೊಳೆಯಿತು?

ತಾರಸಿ_ತಾವರೆ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಮನೆ ತಾರಸಿ ಮೇಲೆ ದೊಡ್ಡ ಟಬ್ಬಿನಲ್ಲಿ ಎರಡು ವರ್ಷದಿಂದ ತಾವರೆ ಬೆಳೆಸುತ್ತಿದ್ದೇನೆ. ಅಡಿಯಲ್ಲಿ ಅರ್ಧ ಅಡಿ ಕೆರೆ ಮಣ್ಣು, ಅದರ ಮೇಲೆ ಒಂದು ಗೇಣು ನೀರು. ಆ ಮಣ್ಣಿಗೆ ಕೈ ಹಾಕಿದರೆ ಕೊಳೆತ ಮೊಟ್ಟೆ ವಾಸನೆ. ಗಡ್ಡೆ ಮಾತ್ರ ಅದರೊಳಗೆ ಆರಾಮಾಗಿತ್ತು. ಹೋದ ವರ್ಷ ಏಳು ಹೂವು ಬಿಟ್ಟಿತ್ತು.

ಅದೇ ತಾರಸಿ, ಅದೇ ಮಳೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತು ನನ್ನ ಕರಿಬೇವು ಎರಡೇ ವಾರದಲ್ಲಿ ಸತ್ತುಹೋಯಿತು. ಬೇರಿಗೆ ಗಾಳಿ ಸಿಕ್ಕಿಲ್ಲ ಅಂದರು ನರ್ಸರಿಯವರು. ಸರಿ, ಒಪ್ಪಿದೆ. ಹಾಗಾದರೆ ತಾವರೆಗೆ ಗಾಳಿ ಬೇಡವಾ?

ಎರಡನೇ ಪ್ರಶ್ನೆ ಹೊಟ್ಟೆ ಉರಿಸುವಂಥದ್ದು. ಈ ತಿಂಗಳು ಆ ತಾವರೆಯೂ ಹೋಯಿತು. ಹೊಸ ಎಲೆ ಬರುವುದು ನಿಂತಿತು. ಮೊನ್ನೆ ಗಡ್ಡೆ ತೆಗೆದು ನೋಡಿದರೆ ಹಿಸುಕಿದ ಬಾಳೆಹಣ್ಣಿನ ಹಾಗಿದೆ. ನಾನು ಏನೂ ಬದಲಾಯಿಸಿಲ್ಲ. ಎರಡು ವರ್ಷ ಅದೇ ಕೆಸರಲ್ಲಿ ಬದುಕಿದ್ದು ಈಗ ಯಾಕೆ ಸತ್ತಿತು? ತಿಳಿದವರು ಹೇಳಿ.

ಸುಮ್ನೆ_ಕೇಳ್ದೆ · ಸೋಮವಾರ, ರಾತ್ರಿ 9:52

ಗಿಡ ಆಮ್ಲಜನಕ ಬಿಡುತ್ತಲ್ವಾ? ತಾನೇ ಮಾಡಿದ್ದನ್ನು ತಾನೇ ಬಳಸಿಕೊಂಡರಾಯಿತು. ಇದರಲ್ಲಿ ಪ್ರಶ್ನೆ ಏನು?

ನಿವೃತ್ತ_ಮೇಷ್ಟ್ರು · ಸೋಮವಾರ, ರಾತ್ರಿ 10:15

ಮೂವತ್ತು ವರ್ಷ ಪಾಠ ಹೇಳಿದ್ದೇನೆ, ಈ ಮಾತು ಪ್ರತಿ ವರ್ಷ ಕೇಳಿದ್ದೇನೆ. ಆಮ್ಲಜನಕ ಮಾಡುವುದು ಎಲೆ, ಅದೂ ಬಿಸಿಲಿದ್ದಾಗ. ಬೇರು ಇರುವುದು ಕತ್ತಲಲ್ಲಿ. ಅದಕ್ಕೂ ಹಗಲೂ ರಾತ್ರಿ ಉಸಿರಾಟ ಬೇಕು. ಎಲೆ ಮಾಡಿದ್ದನ್ನು ಬೇರಿಗೆ ತಲುಪಿಸುವವರು ಯಾರು? ನಮಗಾದರೆ ರಕ್ತ ಇದೆ. ಗಿಡಕ್ಕೆ ರಕ್ತ ಇಲ್ಲ.

ಸಾಮಾನ್ಯ ಗಿಡದ ಬೇರು ಮಣ್ಣಿನ ಸಂದುಗಳಲ್ಲಿರುವ ಗಾಳಿಯನ್ನೇ ನಂಬಿಕೊಂಡಿರುತ್ತದೆ. ಆ ಸಂದಿಗೆ ನೀರು ತುಂಬಿತು ಅನ್ನಿ. ಗಾಳಿಯಲ್ಲಿ ಆಮ್ಲಜನಕ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಅದು ಸುಮಾರು 10,000 ಪಟ್ಟು ನಿಧಾನ. ಜೊತೆಗೆ ನೀರು ಹಿಡಿದಿಟ್ಟುಕೊಳ್ಳುವುದೇ ಕಡಿಮೆ. 25 ಡಿಗ್ರಿ ಇರುವ ಒಂದು ಲೀಟರ್ ನೀರಲ್ಲಿ 8 ಮಿಲಿಗ್ರಾಂ ಆಸುಪಾಸು, ಅಷ್ಟೇ. ಅದನ್ನೂ ಮಣ್ಣಿನ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲಿ ಖಾಲಿ ಮಾಡುತ್ತವೆ. ನಿಮ್ಮ ಕರಿಬೇವಿಗೆ ಆಗಿದ್ದು ಇದು. ಮುಳುಗಿ ಸತ್ತಿದೆ, ಪಾಪ.

ಲ್ಯಾಬ್_ಇಲಿ · ಸೋಮವಾರ, ರಾತ್ರಿ 10:31

ಮೇಷ್ಟ್ರೇ, ಒಂದು ಸಣ್ಣ ತಕರಾರು. ಶೇಂಗಾ ಗಿಡ ಕಿತ್ತು ಬೇರಿನ ಗಂಟನ್ನು ಉಗುರಲ್ಲಿ ಒಡೆದು ನೋಡಿ. ಒಳಗೆ ಕೆಂಪಗಿರುತ್ತದೆ. ಅದು ಹಿಮೋಗ್ಲೋಬಿನ್ ಜಾತಿಯದ್ದೇ. ಗಿಡಕ್ಕೆ ರಕ್ತ ಇಲ್ಲ ನಿಜ, ರಕ್ತದ ಬಣ್ಣ ಇದೆ.

ನಿವೃತ್ತ_ಮೇಷ್ಟ್ರು · ಸೋಮವಾರ, ರಾತ್ರಿ 10:36

ಒಪ್ಪಿದೆ ತಮ್ಮಾ. ಆದರೆ ಅದು ಗಂಟಿನೊಳಗೇ ಕೆಲಸ ಮಾಡುತ್ತದೆ. ಎಲೆಯಿಂದ ಬೇರಿಗೆ ಹೊತ್ತು ತರುವುದಿಲ್ಲ. ನನ್ನ ಮಾತು ನಿಂತಿದೆ.

ಮೀನಿನ_ತೊಟ್ಟಿ · ಸೋಮವಾರ, ರಾತ್ರಿ 11:05

ತಾವರೆ ಗಡ್ಡೆಯನ್ನು ಅಡ್ಡಕ್ಕೆ ಕುಯ್ದು ನೋಡಿದ್ದೀರಾ? ಪಲ್ಯಕ್ಕೆ ತರುತ್ತಾರಲ್ಲ, ಚಕ್ರದ ಹಾಗೆ ತೂತು ತೂತು. ಆ ತೂತು ಚಂದಕ್ಕೆ ಇರೋದಲ್ಲ. ಅದೇ ಗಾಳಿ ಕೊಳವೆ. ಎಲೆಯ ದಂಟಿನಲ್ಲೂ ಅದೇ ತೂತು. ಮೇಲಿಂದ ಕೆಳಗಿನವರೆಗೆ ಒಂದೇ ಪೈಪ್‌ಲೈನ್. ಕರಿಬೇವಿಗೆ ಅದಿಲ್ಲ.

ಕಾಂಡ್ಲಾ_ಕರೆ · ಸೋಮವಾರ, ರಾತ್ರಿ 11:20

ಸಣ್ಣವರಿದ್ದಾಗ ಕೆರೆಯಲ್ಲಿ ತಾವರೆ ಎಲೆ ಕಿತ್ತು, ಎಲೆ ಮಧ್ಯ ನೀರು ಹಾಕಿ, ದಂಟಿನ ತುದಿಯಿಂದ ಊದುತ್ತಿದ್ದೆವು ಮಾರಾಯ್ರೆ. ನಡುಮಧ್ಯದ ಬಿಳಿ ಚುಕ್ಕೆಯಿಂದ ಬುಳುಬುಳು ಗುಳ್ಳೆ. ಆಟ ಅಂದ್ಕೊಂಡಿದ್ದೆ. ಗಿಡ ದಿನಾ ಮಾಡುವ ಕೆಲಸವೇ ಅದು ಅಂತ ಈಗ ಗೊತ್ತಾಯ್ತು.

ಲ್ಯಾಬ್_ಇಲಿ · ಮಂಗಳವಾರ, ಬೆಳಿಗ್ಗೆ 7:10

ಕಾಂಡ್ಲಾ ಅಣ್ಣ ಹೇಳಿದ್ದು ಚಿನ್ನದಂಥ ಉದಾಹರಣೆ. ಬರೀ ಕೊಳವೆ ಇದ್ದರೆ ಸಾಲದು. ಗಾಳಿ ಅದರೊಳಗೆ ಓಡಬೇಕು. ತಾವರೆ, ನೈದಿಲೆ ಜಾತಿಯ ಗಿಡಗಳು ಗಾಳಿಯನ್ನು ಪಂಪ್ ಮಾಡುತ್ತವೆ.

ಅಮೆರಿಕದ ಜಾನ್ ಡೇಸಿ ಎಂಬ ವಿಜ್ಞಾನಿ 1980ರಲ್ಲಿ ಹಳದಿ ನೈದಿಲೆಯಲ್ಲಿ ಇದನ್ನು ತೋರಿಸಿದರು. ಎಳೆ ಎಲೆ ಬಿಸಿಲಿಗೆ ಕಾಯುತ್ತದೆ. ಎಲೆಯ ಒಳಗೆ ಬಿಸಿ ಜಾಸ್ತಿ, ತೇವ ಜಾಸ್ತಿ. ಅದರ ಒಳಪದರದಲ್ಲಿ ಬಹಳ ಸಣ್ಣ ರಂಧ್ರಗಳಿವೆ. ಹೊರಗಿನ ಗಾಳಿ ಆ ರಂಧ್ರದಿಂದ ಒಳಗೆ ಬರುತ್ತಲೇ ಇರುತ್ತದೆ, ಅಷ್ಟು ಸುಲಭವಾಗಿ ವಾಪಸ್ ಹೋಗುವುದಿಲ್ಲ. ಒತ್ತಡ ಏರುತ್ತದೆ. ಆ ಒತ್ತಡಕ್ಕೆ ಗಾಳಿ ದಂಟಿನಲ್ಲಿ ಇಳಿದು, ಗಡ್ಡೆಯೊಳಗೆ ಹಾದು, ಹಳೆಯ ಎಲೆಗಳಿಂದ ಹೊರಗೆ ಹೋಗುತ್ತದೆ. ಹಳೆ ಎಲೆಯ ರಂಧ್ರಗಳು ದೊಡ್ಡದಾಗಿರುವುದರಿಂದ ಅಲ್ಲಿ ಒತ್ತಡ ನಿಲ್ಲುವುದಿಲ್ಲ. ಒಂದೇ ಎಲೆಯಿಂದ ದಿನಕ್ಕೆ 22 ಲೀಟರ್‌ವರೆಗೆ ಗಾಳಿ ಕೆಳಗೆ ಹೋಗುತ್ತದೆ ಅಂತ ಅವರು ಅಳೆದಿದ್ದರು.

ನಮ್ಮ ತಾವರೆಯಲ್ಲಿ ಹೊರದಾರಿ ಎಲೆಯ ನಡುವಿನ ಆ ಬಿಳಿ ಚುಕ್ಕೆ. ಅಲ್ಲಿ ದೊಡ್ಡ ರಂಧ್ರಗಳಿವೆ. ಮಳೆ ನೀರು ನಿಂತಾಗ ಅಲ್ಲಿಂದ ತಾನಾಗಿಯೇ ಗುಳ್ಳೆ ಏಳುವುದನ್ನು ಬಿಸಿಲಿರುವ ದಿನ ನೀವೂ ನೋಡಬಹುದು. ಊದಬೇಕಾಗಿಲ್ಲ.

ಅಂದರೆ ತಾವರೆ ಗಾಳಿಯಿಲ್ಲದೆ ಬದುಕುತ್ತಿಲ್ಲ. ಗಾಳಿಯಿಲ್ಲದ ಜಾಗಕ್ಕೆ ಗಾಳಿ ತಂದುಕೊಳ್ಳುತ್ತಿದೆ. ತಾರಸಿ ಅವರೇ, ಒಂದು ಪ್ರಶ್ನೆ. ಸಾಯುವ ಮುಂಚೆ ಎಲೆ ಏನಾದರೂ ಕತ್ತರಿಸಿದ್ರಾ?

ತಾರಸಿ_ತಾವರೆ · ಮಂಗಳವಾರ, ಬೆಳಿಗ್ಗೆ 8:02

ಹ್ಮ್.

ಹೇನು ಹತ್ತಿತ್ತು. ದಂಟು, ಎಲೆ ಎಲ್ಲಾ ಕಪ್ಪಗೆ. ಔಷಧಿ ಹೊಡೆಯೋಕೆ ಮನಸ್ಸಾಗಲಿಲ್ಲ, ನೀರಲ್ಲಿ ಗಪ್ಪಿ ಮೀನಿದೆ. ಹಾಗಾಗಿ ಎಲ್ಲಾ ಎಲೆ ತೆಗೆದುಬಿಟ್ಟೆ. ಹೊಸದು ಬರುತ್ತಲ್ಲ ಅಂತ.

ಲ್ಯಾಬ್_ಇಲಿ · ಮಂಗಳವಾರ, ಬೆಳಿಗ್ಗೆ 8:04

ಎಲ್ಲಿಗೆ ಕತ್ತರಿಸಿದ್ರಿ? ನೀರಿಗಿಂತ ಮೇಲೋ, ಕೆಳಗೋ?

ತಾರಸಿ_ತಾವರೆ · ಮಂಗಳವಾರ, ಬೆಳಿಗ್ಗೆ 8:09

ಕೆಳಗೆ. ನೀಟಾಗಿ ಕಾಣಲಿ ಅಂತ ಮಣ್ಣಿನ ಹತ್ತಿರಕ್ಕೇ ಕತ್ತರಿಸಿದೆ.

ಸುಮ್ನೆ_ಕೇಳ್ದೆ · ಮಂಗಳವಾರ, ಬೆಳಿಗ್ಗೆ 8:11

"ನಾನು ಏನೂ ಬದಲಾಯಿಸಿಲ್ಲ" 😄

ಮೀನಿನ_ತೊಟ್ಟಿ · ಮಂಗಳವಾರ, ಬೆಳಿಗ್ಗೆ 8:30

ಅಲ್ಲೇ ಆಗಿದ್ದು ಸಾರ್. ಕೊಳವೆಯ ಬಾಯಿ ನೀರಿನೊಳಗೆ ಹೋಯಿತು. ನೀರು ನೇರ ಗಡ್ಡೆಗೆ ಇಳಿದಿದೆ. ತಾವರೆ ಬೆಳೆಸುವವರು ಒಣಗಿದ ಎಲೆಯನ್ನೂ ನೀರಿನ ಮಟ್ಟಕ್ಕಿಂತ ಮೇಲೇ ಕತ್ತರಿಸುತ್ತಾರೆ. ಒಣ ದಂಟಿನ ಮೋಟು ನೀರಿನ ಮೇಲೆ ಚಾಚಿಕೊಂಡಿದ್ದರೆ ಅಸಹ್ಯ ಕಾಣಿಸುತ್ತದೆ, ಆದರೆ ಗಡ್ಡೆಗೆ ಅದು ಚಿಮಣಿ. ಕೆರೆಯಲ್ಲಿ ತಾವರೆ ಜಾಸ್ತಿಯಾಗಿ ತೊಂದರೆ ಆದಾಗ ಅದನ್ನು ಕೊಲ್ಲುವುದಕ್ಕೂ ಇದೇ ಉಪಾಯ: ನೀರಿನ ಕೆಳಗೆ ಮತ್ತೆ ಮತ್ತೆ ಕತ್ತರಿಸುವುದು.

ಹೊಲದ_ಬದು · ಮಂಗಳವಾರ, ಮಧ್ಯಾಹ್ನ 1:15

ನಾನು ಸೊರಬದ ಕಡೆಯವ, ತಾವರೆ ಗೊತ್ತಿಲ್ಲ, ಭತ್ತ ಗೊತ್ತು. ಗೊಬ್ಬರ ಏನು ಹಾಕಿದ್ರಿ ಅಂತ ಯಾರೂ ಕೇಳಲಿಲ್ಲವಲ್ಲ? ಗದ್ದೆಗೆ ಹಸಿ ಸಗಣಿ, ಹಸಿ ಸೊಪ್ಪು ಜಾಸ್ತಿ ಹಾಕಿ ನೀರು ನಿಲ್ಲಿಸಿದರೆ ಭತ್ತದ ಬೇರು ಕಪ್ಪಗಾಗುತ್ತದೆ. ನೀರು ಬಸಿದು ನಾಲ್ಕು ದಿನ ಬಿಸಿಲು ಕಾಣಿಸಿದರೆ ಸರಿಹೋಗುತ್ತದೆ. ಬೇರು ಕೆಂಪಗೆ, ತುಕ್ಕು ಹಿಡಿದ ಹಾಗೆ ಇದ್ದರೆ ಬೆಳೆ ಚೆನ್ನಾಗಿದೆ ಅಂತ ಅರ್ಥ. ನಮ್ಮಪ್ಪ ಒಂದು ಬುಡ ಕಿತ್ತು ಬೇರಿನ ಬಣ್ಣ ನೋಡಿಯೇ ಹೇಳುತ್ತಿದ್ದರು.

ತಾರಸಿ_ತಾವರೆ · ಮಂಗಳವಾರ, ಮಧ್ಯಾಹ್ನ 1:40

ಎಲೆ ಕತ್ತರಿಸಿದ ದಿನವೇ ಎರಡು ಮುಷ್ಟಿ ಸಗಣಿ ಒತ್ತಿದ್ದೆ. ಹಸಿದೇ. ಹೊಸ ಎಲೆ ಬೇಗ ಬರಲಿ ಅಂತ.

ಸುಮ್ನೆ_ಕೇಳ್ದೆ · ಮಂಗಳವಾರ, ಮಧ್ಯಾಹ್ನ 1:42

ದಿನಾ ಒಂದೊಂದು ಹೊರಗೆ ಬರ್ತಿದೆ. ನಾಳೆ ಆಸಿಡ್ ಹಾಕಿದ್ದೆ ಅಂತಾರೆ.

ಲ್ಯಾಬ್_ಇಲಿ · ಮಂಗಳವಾರ, ಸಂಜೆ 6:50

ಹೊಲದ ಬದು ಅವರ ತಂದೆ ಹೇಳಿದ್ದು ನೂರಕ್ಕೆ ನೂರು ಸರಿ. ಕೆಸರಿನಲ್ಲಿ ಆಮ್ಲಜನಕ ಮುಗಿದ ಮೇಲೆ ಬ್ಯಾಕ್ಟೀರಿಯಾ ಬೇರೆ ಬೇರೆ ವಸ್ತು ಹಿಡಿದುಕೊಳ್ಳುತ್ತವೆ. ಮೊದಲು ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಆಮೇಲೆ ಸಲ್ಫೇಟ್. ಕೊಳೆತ ಮೊಟ್ಟೆ ವಾಸನೆ ಬರುವುದು ಸಲ್ಫೇಟಿನ ಹಂತದಲ್ಲಿ. ಕೊನೆಗೆ ಮೀಥೇನ್. ಗದ್ದೆಯಲ್ಲಿ ಕಾಲಿಟ್ಟಾಗ ಏಳುವ ಗುಳ್ಳೆ ಹೆಚ್ಚಾಗಿ ಅದೇ.

ಭತ್ತದ ಬೇರಿಗೂ ಒಳಗೆ ಗಾಳಿ ಕೊಳವೆ ಇದೆ. ಅದರಿಂದ ಬೇರಿನ ತುದಿಯಲ್ಲಿ ಸ್ವಲ್ಪ ಆಮ್ಲಜನಕ ಮಣ್ಣಿಗೆ ಸೋರುತ್ತದೆ. ಕೆಸರಲ್ಲಿ ಕರಗಿರುವ ಕಬ್ಬಿಣ ಅದಕ್ಕೆ ಸಿಕ್ಕಿ ತುಕ್ಕಾಗಿ ಬೇರಿಗೆ ಅಂಟಿಕೊಳ್ಳುತ್ತದೆ. ಕೆಂಪು ಬೇರು ಅಂದರೆ ಉಸಿರಾಡುತ್ತಿರುವ ಬೇರು. ಕಪ್ಪಾದರೆ ಗಂಧಕದ ವಿಷ ಗೆದ್ದಿದೆ ಅಂತ.

ಹಸಿ ಸಗಣಿ ಅಂದರೆ ಬ್ಯಾಕ್ಟೀರಿಯಾಗೆ ಮದುವೆ ಊಟ. ಆಮ್ಲಜನಕದ ಬೇಡಿಕೆ ಒಮ್ಮೆಲೇ ಏರಿದೆ, ಅದೇ ದಿನ ಸರಬರಾಜು ಕಟ್.

ಮೀನಿನ_ತೊಟ್ಟಿ · ಮಂಗಳವಾರ, ಸಂಜೆ 7:05

ನಾನು ಒಪ್ಪಲ್ಲ. ನಾನು ಪ್ರತಿ ವರ್ಷ ತಾವರೆಗೆ ಸಗಣಿ ಹಾಕುತ್ತೇನೆ, ಏನೂ ಆಗಿಲ್ಲ. ಕೊಂದಿದ್ದು ಕತ್ತರಿ.

ಹೊಲದ_ಬದು · ಮಂಗಳವಾರ, ಸಂಜೆ 7:20

ನೀವು ಹಾಕೋದು ಹಳೆ ಗೊಬ್ಬರವೋ, ಹಸಿಯೋ? ಹಸಿ ಹಾಕಿ ನೋಡಿ, ಆಮೇಲೆ ಮಾತಾಡೋಣ.

ಮೀನಿನ_ತೊಟ್ಟಿ · ಮಂಗಳವಾರ, ಸಂಜೆ 7:24

ಒಣಗಿಸಿದ್ದು. ಆದರೂ ಕತ್ತರಿಯೇ.

ಪೇಡೆ_ಪ್ರಿಯ · ಮಂಗಳವಾರ, ರಾತ್ರಿ 8:45

ನಮ್ಮ ಧಾರವಾಡದ ಕಡೆ ಎರಿ ಹೊಲರೀ, ಕಪ್ಪು ಮಣ್ಣು. ಮಳೆ ಜಾಸ್ತಿ ಆಗಿ ನಾಲ್ಕು ದಿನ ನೀರು ನಿಂತರೆ ಹೆಸರು, ಶೇಂಗಾ ಎಲ್ಲಾ ಹಳದಿ. ಬೇರಿಗೆ ಗಾಳಿ ಸಿಗದಿದ್ದರೆ ತಕ್ಷಣ ಯಾಕೆ ಸಾಯುವುದಿಲ್ಲ? ನಮಗಾದರೆ ಐದು ನಿಮಿಷ ಸಾಕು. ಆ ನಾಲ್ಕು ದಿನ ಅದು ಏನು ತಿಂದು ಬದುಕಿರುತ್ತದೆ?

ನಿವೃತ್ತ_ಮೇಷ್ಟ್ರು · ಮಂಗಳವಾರ, ರಾತ್ರಿ 9:30

ಇದು ಪ್ರಶ್ನೆ! ಸಕ್ಕರೆ ತಿಂದು ಬದುಕಿರುತ್ತದೆ. ಆದರೆ ದುಂದುವೆಚ್ಚ ಮಾಡಿ.

ಜೀವಕೋಶದ ಚಿಲ್ಲರೆ ಕಾಸಿನ ಹೆಸರು ಎಟಿಪಿ. ಒಂದು ಗ್ಲೂಕೋಸನ್ನು ಆಮ್ಲಜನಕದ ಜೊತೆ ಪೂರ್ತಿ ಉರಿಸಿದರೆ ಸುಮಾರು 30 ಎಟಿಪಿ ಸಿಗುತ್ತದೆ. ಆಮ್ಲಜನಕ ಇಲ್ಲದಿದ್ದರೆ 2. ಒಂದು ಮೂಟೆ ಅಕ್ಕಿ ಒಂದು ತಿಂಗಳು ಬರುತ್ತಿದ್ದ ಮನೆಯಲ್ಲಿ ಎರಡೇ ದಿನಕ್ಕೆ ಮುಗಿದರೆ ಹೇಗೆ? ಹಾಗೆ.

ಉಳಿದ ಶಕ್ತಿ ಎಲ್ಲಿ ಹೋಯಿತು ಅಂದರೆ, ಎಲ್ಲೂ ಹೋಗಿಲ್ಲ. ಆಲ್ಕೊಹಾಲ್‌ನಲ್ಲೇ ಕೂತಿದೆ. ಗಿಡ ಯೀಸ್ಟ್ ಮಾಡುವ ಕೆಲಸವನ್ನೇ ಮಾಡುತ್ತದೆ. ಸಕ್ಕರೆಯನ್ನು ಅರ್ಧಕ್ಕೆ ಮುರಿದು ಆಲ್ಕೊಹಾಲ್ ಮಾಡಿ ಹೊರಗೆ ಬಿಡುತ್ತದೆ.

ಸುಮ್ನೆ_ಕೇಳ್ದೆ · ಮಂಗಳವಾರ, ರಾತ್ರಿ 9:33

ಗದ್ದೆ ನೀರು ಕುಡಿದರೆ ಕಿಕ್ ಬರುತ್ತಾ?

ಹೊಲದ_ಬದು · ಮಂಗಳವಾರ, ರಾತ್ರಿ 9:41

ಜಿಗಣೆ ಬರುತ್ತೆ.

ಅಡುಗೆಮನೆ_ವಿಜ್ಞಾನ · ಮಂಗಳವಾರ, ರಾತ್ರಿ 10:00

ಇಡ್ಲಿ ಹಿಟ್ಟು ಹುಳಿ ಬರುವುದೂ ಇದೇ ತಾನೇ?

ಲ್ಯಾಬ್_ಇಲಿ · ಮಂಗಳವಾರ, ರಾತ್ರಿ 10:20

ಅಕ್ಕಾ, ಅರ್ಧ ಅದೇ. ಇಡ್ಲಿ ಹಿಟ್ಟಿನ ಹುಳಿ ಲ್ಯಾಕ್ಟಿಕ್ ಆಮ್ಲದ್ದು, ಅದನ್ನು ಮಾಡುವುದು ಬ್ಯಾಕ್ಟೀರಿಯಾ. ಸ್ವಾರಸ್ಯ ಏನೆಂದರೆ, ಉಸಿರು ಕಟ್ಟಿದ ಗಿಡದ ಬೇರೂ ಮೊದಲು ಲ್ಯಾಕ್ಟಿಕ್ ಆಮ್ಲವನ್ನೇ ಮಾಡುತ್ತದೆ. ಆದರೆ ಜೀವಕೋಶದ ಒಳಗೆ ಹುಳಿ ಏರಿದರೆ ಕೋಶವೇ ಸಾಯುತ್ತದೆ. ಹುಳಿ ಸ್ವಲ್ಪ ಏರುತ್ತಿದ್ದ ಹಾಗೆ ಆಲ್ಕೊಹಾಲ್ ಮಾಡುವ ಕಿಣ್ವ ಎಚ್ಚರವಾಗಿ ದಾರಿ ಬದಲಾಗುತ್ತದೆ. ಆಲ್ಕೊಹಾಲ್ ಹುಳಿಯಲ್ಲ, ಕೋಶದ ಪೊರೆ ದಾಟಿ ಹೊರಗಿನ ನೀರಿಗೆ ಸುಮ್ನೆ ಸೋರಿಹೋಗುತ್ತದೆ. ನಮ್ಮ ಸ್ನಾಯುವಿಗೆ ಈ ದಾರಿ ಇಲ್ಲ.

ಹಾಗಾಗಿ ಪೇಡೆ ಸಾಹೇಬ್ರೇ, ನಾಲ್ಕು ದಿನದಲ್ಲಿ ಹೆಸರು ಗಿಡದ ಬೇರಿಗೆ ಆಗುವುದು ಉಸಿರುಗಟ್ಟುವಿಕೆ ಮಾತ್ರ ಅಲ್ಲ. ಹಸಿವೆಯೂ ಹೌದು. ಉಗ್ರಾಣ ಖಾಲಿ.

ಅಜ್ಜಿಮದ್ದು · ಬುಧವಾರ, ಬೆಳಿಗ್ಗೆ 6:55

ನಮ್ಮ ಹಿತ್ತಿಲಲ್ಲಿ ಬಾವಿಕಟ್ಟೆ ಪಕ್ಕ ಬಜೆ ಇದೆ. ಪಾತ್ರೆ ತೊಳೆದ ನೀರು ವರ್ಷವಿಡೀ ಅಲ್ಲೇ ನಿಲ್ಲುತ್ತದೆ. ಕಪ್ಪು ಕೆಸರು. ಒಂದು ಸಲ ಬೇಸಿಗೆಯಲ್ಲಿ ಎಲೆಯೆಲ್ಲ ದನ ತಿಂದು ಹೋಯಿತು, ಮೇಲೆ ಒಂದು ಗರಿಯೂ ಇಲ್ಲ. ಮಳೆ ಬಂದು ನೀರು ತುಂಬಿತು. ಸತ್ತಿತು ಅಂದುಕೊಂಡೆ. ಮತ್ತೆ ಚಿಗುರಿತು. ನಿಮ್ಮ ಕೊಳವೆ ಲೆಕ್ಕದಲ್ಲಿ ಅದೂ ಕೊಳೆಯಬೇಕಿತ್ತಲ್ಲ?

ಲ್ಯಾಬ್_ಇಲಿ · ಬುಧವಾರ, ಬೆಳಿಗ್ಗೆ 8:20

ಅಮ್ಮಾ, ನೀವು ಈ ವಿಷಯದ ಹೀರೋನನ್ನೇ ಕರೆತಂದಿದ್ದೀರಿ!

ಬಜೆ ಗಡ್ಡೆಯನ್ನು ಆಮ್ಲಜನಕ ಸ್ವಲ್ಪವೂ ಇಲ್ಲದ ಪೆಟ್ಟಿಗೆಯಲ್ಲಿ ಇಟ್ಟು ನೋಡಿದ್ದಾರೆ. ಸ್ಕಾಟ್ಲೆಂಡಿನ ರಾಬರ್ಟ್ ಕ್ರಾಫರ್ಡ್, ಸ್ವಿಟ್ಜರ್ಲೆಂಡಿನ ರೋಲಂಡ್ ಬ್ರೆಂಡ್ಲೆ ಈ ಕೆಲಸದಲ್ಲಿ ದೊಡ್ಡ ಹೆಸರು. ಎರಡು ತಿಂಗಳ ಹತ್ತಿರ ಹತ್ತಿರ ಇಟ್ಟರೂ ಅದು ಬದುಕಿತ್ತು. ಆಲೂಗಡ್ಡೆಯನ್ನು ಹಾಗೆ ಇಟ್ಟರೆ ಕೆಲವೇ ದಿನದಲ್ಲಿ ಕೊಳೆಯುತ್ತದೆ. ಅಲ್ಲಿನ ಚಳಿಗಾಲದಲ್ಲಿ ಕೆರೆ ಮೇಲೆ ಹಿಮ ಕಟ್ಟಿ, ಎಲೆಯೆಲ್ಲ ಸತ್ತು, ಗಡ್ಡೆ ತಿಂಗಳುಗಟ್ಟಲೆ ಕೆಸರಲ್ಲಿ ಸೆರೆ. ಆ ಬದುಕಿಗೆ ಹೊಂದಿಕೊಂಡ ಗಿಡ ಅದು.

ಅದರ ಗುಟ್ಟು ಎರಡು ಮಾತಲ್ಲಿ: ಗಡ್ಡೆ ತುಂಬಾ ಪಿಷ್ಟ, ಖರ್ಚು ಬಹಳ ಕಮ್ಮಿ. ಸಕ್ಕರೆಯನ್ನು ಒಮ್ಮೆಲೇ ಸುಡುವುದಿಲ್ಲ. ತೊಟ್ಟು ತೊಟ್ಟಾಗಿ. ತಾವರೆ ಗಡ್ಡೆಯಲ್ಲೂ ಪಿಷ್ಟ ಇದೆ. ಆದರೆ ಬೆಚ್ಚಗಿನ ನೀರು, ಬೆಳೆಯುತ್ತಿರುವ ಕಾಲ, ಮೇಲಿಂದ ಹಸಿ ಸಗಣಿ. ಖರ್ಚು ಮೇರೆ ಮೀರಿದೆ.

ಹೊಸ_ಅಪ್ಪ · ಬುಧವಾರ, ಬೆಳಿಗ್ಗೆ 9:15

ಬಜೆ ಅಂದರೆ ಮಗುವಿಗೆ ತೇಯ್ದು ನೆಕ್ಕಿಸೋದು ಅದೇನಾ? ನಮ್ಮತ್ತೆ ದಿನಾ ಕೊಡಬೇಕು ಅಂತಾರೆ, ಡಾಕ್ಟ್ರು ಬೇಡ ಅಂತಾರೆ.

ಅಜ್ಜಿಮದ್ದು · ಬುಧವಾರ, ಬೆಳಿಗ್ಗೆ 9:22

ಅದೇ. ನಾವೆಲ್ಲ ಅದನ್ನು ನೆಕ್ಕಿಯೇ ಬೆಳೆದವರು, ಮಾತು ಚೆನ್ನಾಗಿ ಬರುತ್ತದೆ.

ಲ್ಯಾಬ್_ಇಲಿ · ಬುಧವಾರ, ಬೆಳಿಗ್ಗೆ 9:40

ಅದರಲ್ಲಿ ಬೀಟಾ ಅಸರೋನ್ ಅನ್ನುವ ಹಾನಿಕರ ವಸ್ತು ಇದೆ. ಅಮೆರಿಕದಲ್ಲಿ 1968ರಲ್ಲೇ ಆಹಾರದಲ್ಲಿ ಬಜೆ ಬಳಸುವುದನ್ನು ನಿಷೇಧಿಸಿದ್ದಾರೆ. ಡಾಕ್ಟರ ಮಾತು ಕೇಳಿ.

ಅಜ್ಜಿಮದ್ದು · ಬುಧವಾರ, ಬೆಳಿಗ್ಗೆ 9:44

ಅಮೆರಿಕದವರಿಗೆ ಮಾತು ಬರೋದು ತಡವಾಗಲಿ ಬಿಡಿ.

ನಿರ್ವಾಹಕ · ಬುಧವಾರ, ಬೆಳಿಗ್ಗೆ 10:00

ಮಗುವಿನ ಮದ್ದಿನ ಚರ್ಚೆ ಬೇರೆ ಎಳೆಯಲ್ಲಿ ಮಾಡಿ. ಇಲ್ಲಿ ಗಡ್ಡೆ, ಕೆಸರು ಮಾತ್ರ.

ಹೊಲದ_ಬದು · ಬುಧವಾರ, ಮಧ್ಯಾಹ್ನ 2:10

ಸರಿ, ಭತ್ತಕ್ಕೆ ಬರೋಣ. ವರದಾ ನದಿ ಪಕ್ಕದ ನಮ್ಮ ಗದ್ದೆಗೆ ನೆರೆ ಬರುವುದು ಮಾಮೂಲು. ನಮ್ಮ ಹಿರಿಯರು ನೆರೆಗುಳಿ ಅನ್ನುವ ಭತ್ತ ಹಾಕುತ್ತಿದ್ದರು. ಹೆಸರಲ್ಲೇ ನೆರೆ ಇದೆ. ವಾರಗಟ್ಟಲೆ ನೀರಲ್ಲಿ ಮುಳುಗಿದ್ದರೂ ನೀರಿಳಿದ ಮೇಲೆ ಚಿಗುರುತ್ತದೆ. ಇಳುವರಿ ಕಮ್ಮಿ ಅಂತ ಅರ್ಧ ಎಕರೆಗೆ ಹೊಸ ತಳಿ ಹಾಕಿದೆ. ಒಂಬತ್ತು ದಿನ ನೀರು ನಿಂತಿತು. ನೆರೆಗುಳಿ ಉಳಿಯಿತು, ಹೊಸದು ಕೊಳೆತು ನಾರಿತು.

ವಿಚಿತ್ರ ಅಂದರೆ, ನೀರೊಳಗೆ ಇರುವಾಗ ಹೊಸ ತಳಿಯೇ ಚುರುಕಾಗಿತ್ತು. ಎಲೆ ಉದ್ದುದ್ದ ಬಂದಿತ್ತು. ನೆರೆಗುಳಿ ಸುಮ್ಮನೆ ಕೂತಿತ್ತು. ನೀರಿಳಿದ ದಿನ ಹೊಸ ತಳಿ ಹಸಿರಾಗೇ ಇತ್ತು, ಎರಡು ದಿನ ಬಿಸಿಲು ಬಿದ್ದಮೇಲೆ ಮಲಗಿತು. ನೀರಿನಲ್ಲಿ ಸಾಯಲಿಲ್ಲ, ನೀರು ಹೋದಮೇಲೆ ಸತ್ತಿತು.

ಲ್ಯಾಬ್_ಇಲಿ · ಬುಧವಾರ, ರಾತ್ರಿ 8:30

ಇದನ್ನೇ ವಿವರಿಸಲು ನಮ್ಮಂಥವರು ವರ್ಷಗಟ್ಟಲೆ ಲ್ಯಾಬಿನಲ್ಲಿ ಕೂತಿರುತ್ತೇವೆ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕುತ್ತೇವಲ್ಲ, ಕಾಯಿಯೇ ಬಿಡುವ ಎಥಿಲೀನ್ ಅನಿಲ ಹೊರಗೆ ಹೋಗದೆ ಒಳಗೇ ಸೇರಿ ಹಣ್ಣಾಗಲಿ ಅಂತ. ಮುಳುಗಿದ ಗಿಡಕ್ಕೂ ಅದೇ ಆಗುತ್ತದೆ. ಎಥಿಲೀನ್ ನೀರಲ್ಲಿ ಚದುರುವುದಿಲ್ಲ, ಗಿಡದೊಳಗೇ ತುಂಬುತ್ತದೆ. ತಾನು ಮುಳುಗಿದ್ದೇನೆ ಅಂತ ಗಿಡಕ್ಕೆ ತಿಳಿಯುವುದು ಮುಖ್ಯವಾಗಿ ಹೀಗೆ.

ತಿಳಿದ ಮೇಲೆ ಏನು ಮಾಡಬೇಕು? ಭತ್ತದಲ್ಲಿ ಎರಡು ಜಾತಿ ಇದೆ. ಆಳ ನೀರಿನ ಭತ್ತ ಓಡುತ್ತದೆ. ಬಾಂಗ್ಲಾದೇಶ, ಥಾಯ್ಲೆಂಡ್ ಕಡೆ ದಿನಕ್ಕೆ 20-25 ಸೆಂಟಿಮೀಟರ್ ಉದ್ದ ಆಗುವ ಭತ್ತ ಇದೆ. ಹೇಗಾದರೂ ಮಾಡಿ ತಲೆಯನ್ನು ನೀರಿನ ಮೇಲೆ ತರಬೇಕು, ಬಂದರೆ ಕೊಳವೆಯಿಂದ ಗಾಳಿ ಇಳಿಯುತ್ತದೆ. ಜಪಾನಿನವರು 2009ರಲ್ಲಿ ಇದರ ಜೀನ್ ಪತ್ತೆ ಮಾಡಿ "ಸ್ನಾರ್ಕೆಲ್" ಅಂತ ಹೆಸರಿಟ್ಟರು. ಮುಳುಗುಗಾರರು ಬಾಯಲ್ಲಿ ಕಚ್ಚಿಕೊಳ್ಳುವ ಕೊಳವೆ.

ಇನ್ನೊಂದು ಜಾತಿ ಮಲಗುತ್ತದೆ. ನೀರು ಹತ್ತು ಹದಿನೈದು ದಿನ ನಿಂತು ಇಳಿಯುವ ಕಡೆ ಇದೇ ಜಾಣತನ. ಬೆಳವಣಿಗೆ ನಿಲ್ಲಿಸು, ಸಕ್ಕರೆ ಉಳಿಸು. ಒಡಿಶಾದ ಹಳೆ ತಳಿಯಿಂದ ಆರಿಸಿದ ಎಫ್ಆರ್13ಎ ಅನ್ನುವ ಭತ್ತದಲ್ಲಿ ಈ ಗುಣ ಇತ್ತು. ಅದರ ಜೀನ್ ಸಬ್1ಎ, 2006ರಲ್ಲಿ ಪತ್ತೆಯಾಯಿತು. ಅದನ್ನು ನಮ್ಮ ಸ್ವರ್ಣ ತಳಿಗೆ ಸಾಂಪ್ರದಾಯಿಕ ಸಂಕರಣದಿಂದಲೇ ಸೇರಿಸಿ ಸ್ವರ್ಣ-ಸಬ್1 ಮಾಡಿದರು, 2009ರಲ್ಲಿ ಭಾರತದಲ್ಲಿ ಬಿಡುಗಡೆ ಆಯಿತು. ಎರಡು ವಾರದ ತನಕ ಪೂರ್ತಿ ಮುಳುಗಿದ್ದರೂ ತಾಳುತ್ತದೆ.

ನಿಮ್ಮ ಹೊಸ ತಳಿ ಓಡಲು ನೋಡಿತು. ಮೇಲೆ ತಲುಪುವಷ್ಟು ಸಾಮರ್ಥ್ಯ ಇರಲಿಲ್ಲ, ಅಷ್ಟರಲ್ಲಿ ಕೂಡಿಟ್ಟ ಸಕ್ಕರೆ ಕರಗಿತ್ತು. ನೀರಿಳಿದ ಮೇಲೆ ಸತ್ತಿದ್ದೂ ಸಹಜವೇ. ಆಮ್ಲಜನಕ ಇಲ್ಲದೆ ಇದ್ದ ಕೋಶಕ್ಕೆ ಅದು ಒಮ್ಮೆಲೇ ನುಗ್ಗಿದರೆ ಏಟು. ಜೊತೆಗೆ ಎಲೆ ನೀರು ಕೇಳುತ್ತದೆ, ಬೇರು ಕೊಡಲಾರದು.

ಹೊಲದ_ಬದು · ಬುಧವಾರ, ರಾತ್ರಿ 9:02

ನೆರೆಗುಳಿಯಲ್ಲೂ ಆ ಸಬ್1 ಇದೆಯಾ?

ಲ್ಯಾಬ್_ಇಲಿ · ಬುಧವಾರ, ರಾತ್ರಿ 9:05

ಹೆಸರು ನೋಡಿ ಹೇಳೋಕಾಗಲ್ಲ ಅಣ್ಣ, ಪರೀಕ್ಷೆ ಮಾಡಬೇಕು. ಒಂದು ಹಿಡಿ ಬೀಜ ಕಳಿಸಿ.

ಹೊಲದ_ಬದು · ಬುಧವಾರ, ರಾತ್ರಿ 9:07

ಬೀಜ ಕೊಡ್ತೀನಿ. ಪೇಟೆಂಟ್ ಮಾಡಿಸಿಕೊಂಡ್ರೆ ಮನೆಗೆ ಬರ್ತೀನಿ.

ಕಾಂಡ್ಲಾ_ಕರೆ · ಬುಧವಾರ, ರಾತ್ರಿ 10:15

ಅಘನಾಶಿನಿ ನದಿ ಕಡೆ, ಸಮುದ್ರದ ನೀರು ನುಗ್ಗುವ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಇದೆ, ಅದಕ್ಕೆ ಉಪ್ಪುನೀರೂ ಆಗುತ್ತದೆ. ನಮ್ಮ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕತೆಯೂ ಇದೇ. ಕೆಲವು ಜಾತಿ ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಬೇರುಗಳನ್ನು ಮೇಲಕ್ಕೆ ಚಾಚುತ್ತವೆ, ಉಸಿರಾಡೋಕೆ. ಚಪ್ಪಲಿ ಇಲ್ಲದೆ ನಡೆದರೆ ಗೊತ್ತಾಗುತ್ತದೆ.

ಪೇಡೆ_ಪ್ರಿಯ · ಬುಧವಾರ, ರಾತ್ರಿ 10:40

ಸಿದ್ದಾಪುರದ ಕತ್ತಲೆಕಾನಿನಲ್ಲಿ ಜವುಗು ಕಾಡು ನೋಡಿದ್ದೆ. ಕಾಡು ಜಾಯಿಕಾಯಿ ಜಾತಿಯ ಮರ, ಬೇರುಗಳು ನೀರಿನಿಂದ ಮೇಲೆದ್ದು ಮಂಡಿ ಮಡಚಿದ ಹಾಗೆ ಮತ್ತೆ ಒಳಗೆ. ಎಡವಿ ಬಿದ್ದಿದ್ದೆ. ಅದೂ ಉಸಿರಾಟಕ್ಕೇನಾ?

ನಿವೃತ್ತ_ಮೇಷ್ಟ್ರು · ಗುರುವಾರ, ಬೆಳಿಗ್ಗೆ 6:30

ಹೌದು, ಅದೂ ಅದಕ್ಕೇ.

ಇಷ್ಟೆಲ್ಲ ಓದಿ ನನಗೂ ಕೈ ತುರಿಸಿತು. ಮಂಗಳವಾರ ರಾತ್ರಿಯೇ ಎರಡು ಸಣ್ಣ ಬಾಟಲಿಗೆ ಕುದಿಸಿ ಆರಿಸಿದ ನೀರು ಕಂಠಪೂರ್ತಿ ತುಂಬಿದ್ದೇನೆ. ಕುದಿಸಿದರೆ ಕರಗಿದ ಗಾಳಿ ಹೊರಟುಹೋಗುತ್ತದೆ. ಒಂದಕ್ಕೆ ಹತ್ತು ಭತ್ತ, ಇನ್ನೊಂದಕ್ಕೆ ಹತ್ತು ಗೋಧಿ. ಗುಳ್ಳೆ ಉಳಿಯದ ಹಾಗೆ ಮುಚ್ಚಳ ಬಿಗಿದು ಕಪಾಟಿನ ಕತ್ತಲಲ್ಲಿ ಇಟ್ಟಿದ್ದೇನೆ. ಸೋಮವಾರ ನೋಡೋಣ. ಮನೆಯವರು "ರಿಟೈರಾದಮೇಲೂ ಬಿಡಲ್ವಾ" ಅಂದರು.

ಸುಮ್ನೆ_ಕೇಳ್ದೆ · ಗುರುವಾರ, ಬೆಳಿಗ್ಗೆ 7:15

ಎರಡೂ ಕೊಳೆಯುತ್ತೆ. ಬೆಟ್?

ಹೊಲದ_ಬದು · ಗುರುವಾರ, ಬೆಳಿಗ್ಗೆ 7:30

ಭತ್ತ ಮೊಳೆಯುತ್ತೆ. ಆದರೆ ಬೇರು ಬರಲ್ಲ. ಮಡಿಗೆ ಮೊಳಕೆ ಕಟ್ಟುವಾಗ ಒಂದು ದಿನ ನೆನೆಸಿ, ನೀರು ಬಸಿದು, ಗೋಣಿಯಲ್ಲಿ ಮುಚ್ಚಿಡುತ್ತೇವೆ. ಮರೆತು ನೀರಲ್ಲೇ ಬಿಟ್ಟರೆ ಬಿಳಿ ಮೊನೆ ಉದ್ದ ಬರುತ್ತೆ, ಬೇರು ನಾಪತ್ತೆ.

ನಿವೃತ್ತ_ಮೇಷ್ಟ್ರು · ಸೋಮವಾರ, ಸಂಜೆ 5:20

ಫಲಿತಾಂಶ. ಭತ್ತ: ಹತ್ತರಲ್ಲಿ ಎಂಟು ಮೊಳೆತಿವೆ. ಬಿಳಿ ಸೂಜಿಯಂಥ ಮೊನೆ, ಎರಡು ಸೆಂಟಿಮೀಟರ್ ಮೇಲೆಯೇ. ಬೇರು ಒಂದಕ್ಕೂ ಇಲ್ಲ. ಗೋಧಿ: ಸೊನ್ನೆ. ಮೆತ್ತಗಾಗಿ ಹುಳಿ ವಾಸನೆ.

ಹೊಲದ ಬದು ಅವರಿಗೆ ನನ್ನ ನಮಸ್ಕಾರ. ಬೆಟ್ ಕಟ್ಟಿದವರು ಎಲ್ಲಿ?

ಸುಮ್ನೆ_ಕೇಳ್ದೆ · ಸೋಮವಾರ, ಸಂಜೆ 5:31

ಅರ್ಧ ಗೆದ್ದಿದ್ದೀನಿ. ಗೋಧಿ ಕೊಳೆಯಿತಲ್ಲ. ಆದರೆ ಬರೀ 2 ಎಟಿಪಿಯಲ್ಲಿ ಭತ್ತ ಇಷ್ಟು ಬೆಳೆದದ್ದು ಹೇಗೆ? ಇದನ್ನು ನಿಜವಾಗಿ ಕೇಳ್ತಿದ್ದೀನಿ.

ಲ್ಯಾಬ್_ಇಲಿ · ಸೋಮವಾರ, ರಾತ್ರಿ 8:45

ಎರಡು ಕಾರಣ. ಒಂದು, ಭತ್ತಕ್ಕೆ ತನ್ನ ಉಗ್ರಾಣದ ಬೀಗ ಗಾಳಿ ಇಲ್ಲದೆಯೂ ತೆಗೆಯಲು ಬರುತ್ತದೆ. ಕಾಳಿನ ಪಿಷ್ಟವನ್ನು ಸಕ್ಕರೆ ಮಾಡುವ ಅಮೈಲೇಸ್ ಕಿಣ್ವವನ್ನು ಅದು ಆಮ್ಲಜನಕ ಇಲ್ಲದಿದ್ದರೂ ತಯಾರಿಸುತ್ತದೆ. ಗೋಧಿಗೆ ಆಗುವುದಿಲ್ಲ. ಕಾಳು ತುಂಬಾ ಪಿಷ್ಟ ಇಟ್ಟುಕೊಂಡೇ ಉಪವಾಸ ಸಾಯುತ್ತದೆ.

ಎರಡು, ಆ ಮೊನೆ ಬೆಳೆಯುತ್ತಿಲ್ಲ, ಹಿಗ್ಗುತ್ತಿದೆ. ಹೊಸ ಕೋಶ ಕಟ್ಟುವುದು ದುಬಾರಿ. ಇರುವ ಕೋಶಕ್ಕೇ ನೀರು ತುಂಬಿ ಬಲೂನಿನ ಹಾಗೆ ಉದ್ದ ಮಾಡುವುದು ಅಗ್ಗ. ಬೇರು, ಹಸಿರೆಲೆ ಎಲ್ಲ ಆಮೇಲೆ. ಮೊದಲು ಒಂದು ಟೊಳ್ಳು ಕೊಳವೆಯನ್ನು ಗಾಳಿ ಇರುವ ಕಡೆಗೆ ಚಾಚಿದರೆ ಸಾಕು.

ಇದರಲ್ಲೂ ಮೀರಿಸಿದ್ದು ಕೆರೆಗಳಲ್ಲಿ ಬೆಳೆಯುವ ಪೊಟಮೊಜಿಟಾನ್ ಜಾತಿಯ ಕಳೆ. ಅದರ ಪುಟ್ಟ ಗಡ್ಡೆಯ ಮೊಳಕೆ ಗಾಳಿಯಲ್ಲಿ ಬೆಳೆಯುವುದಕ್ಕಿಂತ ಆಮ್ಲಜನಕ ಇಲ್ಲದಾಗಲೇ ವೇಗವಾಗಿ ಉದ್ದವಾಗುತ್ತದೆ! ಮೊಟ್ಟಮೊದಲ ಸಲ ಓದಿದಾಗ ತಪ್ಪು ಅಚ್ಚಾಗಿದೆ ಅಂದುಕೊಂಡಿದ್ದೆ.

ಮೀನಿನ_ತೊಟ್ಟಿ · ಸೋಮವಾರ, ರಾತ್ರಿ 9:10

ಅಕ್ವೇರಿಯಂನಲ್ಲಿ ಒಂದು ವಾರ ಊರಿಗೆ ಹೋದರೆ ಅದು ತೊಟ್ಟಿ ತುಂಬುವುದು ಯಾಕೆ ಅಂತ ಈಗ ಗೊತ್ತಾಯಿತು.

ಲ್ಯಾಬ್_ಇಲಿ · ಸೋಮವಾರ, ರಾತ್ರಿ 9:14

ಇಲ್ಲ ಸಾರ್, ಅಕ್ವೇರಿಯಂ ನೀರಲ್ಲಿ ಆಮ್ಲಜನಕ ಇರುತ್ತದೆ. ಅದು ಬೇರೆ ಕತೆ. ನಿಮ್ಮ ಲೈಟ್ ಜಾಸ್ತಿ ಆಗಿದೆ.

ತಾರಸಿ_ತಾವರೆ · ಮಂಗಳವಾರ, ಬೆಳಿಗ್ಗೆ 7:50

ನಾನಿನ್ನೂ ಇಲ್ಲೇ ಇದ್ದೇನೆ. ಕೊಳೆತ ಗಡ್ಡೆ ಬಿಸಾಡುವ ಮುಂಚೆ ಪೂರ್ತಿ ತೊಳೆದು ನೋಡಿದೆ. ಒಂದು ತುದಿಯಲ್ಲಿ ಎರಡು ಗೆಣ್ಣು ಗಟ್ಟಿಯಾಗಿದೆ, ಬಿಳಿ ಕಣ್ಣೂ ಇದೆ. ನೆಡಬಹುದಾ?

ಮೀನಿನ_ತೊಟ್ಟಿ · ಮಂಗಳವಾರ, ಬೆಳಿಗ್ಗೆ 8:05

ನೆಡಿ. ಕೊಳೆತ ಭಾಗ ಗೆಣ್ಣಿನ ಹತ್ತಿರ ಕತ್ತರಿಸಿ ತೆಗೆಯಿರಿ. ಹೊಸ ಮಣ್ಣು, ಮೇಲೆ ನಾಲ್ಕು ಬೆರಳು ನೀರು ಸಾಕು. ಮೊದಲ ಎಲೆ ಬೇಗ ಮೇಲೆ ತಲುಪಲಿ, ಅಲ್ಲಿಯ ತನಕ ಅದು ಉಳಿತಾಯದ ಮೇಲೇ ಬದುಕಬೇಕು. ಗೊಬ್ಬರ ಈಗ ಬೇಡವೇ ಬೇಡ. ಮೂರು ನಾಲ್ಕು ಎಲೆ ಆಗಲಿ.

ಹೊಲದ_ಬದು · ಮಂಗಳವಾರ, ಬೆಳಿಗ್ಗೆ 8:20

ಗೊಬ್ಬರ ಬೇಡ ಅಂತ ಈಗ ಯಾರು ಹೇಳ್ತಿದ್ದಾರೆ ನೋಡಿ.

ಮೀನಿನ_ತೊಟ್ಟಿ · ಮಂಗಳವಾರ, ಬೆಳಿಗ್ಗೆ 8:22

ಕತ್ತರಿಯೇ ಕಾರಣ. ಸಗಣಿ ಜೊತೆಗಾರ. ಇದಕ್ಕಿಂತ ಜಾಸ್ತಿ ಒಪ್ಪಲ್ಲ.

ತಾರಸಿ_ತಾವರೆ · 19 ದಿನಗಳ ನಂತರ

ಮೂರು ಎಲೆ ತೇಲುತ್ತಿವೆ, ಅಂಗೈ ಅಗಲ. ಮೊದಲನೆಯದು ನೀರಿನ ಮೇಲೆ ಬರಲು ಹನ್ನೊಂದು ದಿನ ತೆಗೆದುಕೊಂಡಿತು, ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಹೋಗಿ ನೋಡುತ್ತಿದ್ದೆ. ಇವತ್ತು ಮಧ್ಯಾಹ್ನ ಬಿಸಿಲಿತ್ತು. ದೊಡ್ಡ ಎಲೆಯ ನಡುವಿನ ಚುಕ್ಕೆ ಮೇಲೆ ಚಮಚದಲ್ಲಿ ನೀರು ಹಾಕಿ ಕೂತೆ. ಎರಡು ನಿಮಿಷಕ್ಕೆ ಒಂದು ಗುಳ್ಳೆ ಬಂತು. ಆಮೇಲೆ ಇನ್ನೊಂದು.

ಹೇನು ಮತ್ತೆ ಹತ್ತಿದೆ. ಈ ಸಲ ಏನು ಮಾಡಲಿ?

ಅಜ್ಜಿಮದ್ದು · 19 ದಿನಗಳ ನಂತರ

ಕತ್ತರಿ ಅಡಗಿಸಿಡಿ. ಎಲೆ ನೀರಲ್ಲಿ ಅದ್ದಿ ಕೈಯಲ್ಲಿ ಒರೆಸಿ, ಉದುರಿದ್ದನ್ನು ಗಪ್ಪಿ ತಿನ್ನುತ್ತದೆ.